ಟಿಕೆಟ್ ಇಳಿಸಿದೆ, ಟಾಕೀಸು ಉಳಿಯಿತು

"80 ರೂಪಾಯಿ ಟಿಕೆಟ್‌ಗೆ ಹೇಗ್ರೀ ಗಿಟ್ಟುತ್ತೆ ನಿಮಗೆ?" ಈಗ ಬೇರೆ ಟಾಕೀಸಿನವರು ವಾರಕ್ಕೊಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ. ಎರಡು ವರ್ಷದ ಹಿಂದೆ ನಾನು ರೇಟು ಇಳಿಸಿದಾಗ ಇವರಲ್ಲೇ ಕೆಲವರು "ಇನ್ನಾರು ತಿಂಗಳಲ್ಲಿ ಬಾಗಿಲು ಹಾಕ್ತೀಯ, ಬರೆದಿಟ್ಟುಕೋ" ಅಂದಿದ್ದರು. ಒಬ್ಬೊಬ್ಬರಿಗೂ ಮೊದಲಿಂದ ಹೇಳೋದು ಬೇಡ ಅಂತ ಒಂದೇ ಸಲ ಬರೆದುಬಿಡುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಹಾಕಿದ್ದು. ನೂರು ಇನ್ನೂರು ಆಚೀಚೆ ಇರಬಹುದು.

ನಮ್ಮದು ತಿಪಟೂರು ಸೀಮೆಯ ಸಿಂಗಲ್ ಸ್ಕ್ರೀನ್. ಬಾಲ್ಕನಿ ಸೇರಿ 540 ಸೀಟು ಆಗಬಹುದು. ಕಟ್ಟಡ ಲೀಸಿನದು, ತಿಂಗಳಿಗೆ 80 ಸಾವಿರ. ಕೊರೊನಾ ಮುಗಿದ ಮೇಲೆ ಎಲ್ಲರ ಹಾಗೆ ನಾನೂ ರೇಟು ಏರಿಸಿದ್ದೆ. ಕೆಳಗೆ 120, ಬಾಲ್ಕನಿ 150. ಬೆಂಗಳೂರಿನ ಮಾಲ್‌ನಲ್ಲಿ ಶನಿವಾರ ಭಾನುವಾರ 300-350 ತಗೊಳ್ಳುವಾಗ ನಮ್ಮದೇನು ಮಹಾ ಅಂತ. ಜನ ಹಾಗೆ ಯೋಚನೆ ಮಾಡಲಿಲ್ಲ. ಮೂರು ಶೋ ಸೇರಿ ದಿನಕ್ಕೆ 110 ಜನ ಬಂದರೆ ಅದೇ ದೊಡ್ಡದು. ತಿಂಗಳಿಗೆ 70-75 ಸಾವಿರ ಕೈಯಿಂದ ಹೋಗುತ್ತಿತ್ತು. ನಮ್ಮ ಭಾವ ಬಂದಾಗಲೆಲ್ಲ ಒಂದೇ ಮಾತು: "ಸುಮ್ನೆ ಕಲ್ಯಾಣ ಮಂಟಪ ಮಾಡಿಬಿಡು, ಪಾರ್ಕಿಂಗ್ ಹೇಗೂ ಇದೆ."

ಇಳಿಸಬೇಕು ಅಂತ ತಲೆಗೆ ಬಂದದ್ದು 2022ರ ಸೆಪ್ಟೆಂಬರ್ 23ರಂದು. ಅವತ್ತು ರಾಷ್ಟ್ರೀಯ ಸಿನಿಮಾ ದಿನ ಅಂತ ದೇಶದ ಮಲ್ಟಿಪ್ಲೆಕ್ಸ್‌ಗಳು 75 ರೂಪಾಯಿಗೆ ಟಿಕೆಟ್ ಕೊಟ್ಟರು. ಬೆಳಗಿನ ಶೋಗಳೂ ತುಂಬಿದವು. ಮುಂದಿನ ವರ್ಷ ಅಕ್ಟೋಬರ್ 13ಕ್ಕೆ 99 ಮಾಡಿದರು, ಆಗಲೂ ಜನ ಬಂದರು. ಅಂದರೆ ಜನರಿಗೆ ಸಿನಿಮಾ ಬೇಜಾರಾಗಿಲ್ಲ, ರೇಟು ಬೇಜಾರಾಗಿದೆ ಅಲ್ವಾ? ನಮ್ಮ ಕಡೆ ಟಾಕೀಸಿನವರಿಗೆ ಇದನ್ನು ಹೇಳಿದರೆ "ಅದು ಒಂದು ದಿನದ ಮಜಾ, ದಿನಾ ಕೊಟ್ಟರೆ ಬೆಲೆ ಇರಲ್ಲ" ಅಂದರು.

ಹಾಳೆಯ ಮೇಲೆ ಲೆಕ್ಕ ಹಾಕಿದರೆ ಹೆದರಿಕೆಯೇ ಆಗುತ್ತಿತ್ತು. 120ರ ಟಿಕೆಟ್‌ನಲ್ಲಿ ಶೇಕಡಾ 18 ಜಿಎಸ್‌ಟಿ ಕಳೆದರೆ 102 ಉಳಿಯುತ್ತೆ. ಸಿನಿಮಾ ಕೊಡೋ ಹಂಚಿಕೆದಾರರಿಗೆ ಅರ್ಧ ಅಂದರೆ ನನಗೆ 51. ಅದೇ 80ಕ್ಕೆ ಇಳಿಸಿದರೆ 100ರ ಒಳಗಿನ ಸ್ಲ್ಯಾಬು, ಆಗ ಶೇಕಡಾ 12 ಇತ್ತು. ನನಗೆ ಉಳಿಯೋದು 36ಕ್ಕೂ ಸ್ವಲ್ಪ ಕಡಿಮೆ. ಟಿಕೆಟ್‌ಗೆ 15 ರೂಪಾಯಿ ನಷ್ಟ. ಒಂದೂವರೆ ಪಟ್ಟು ಜನ ಬಂದರೆ ಹಳೇ ನಷ್ಟಕ್ಕೆ ಬಂದು ನಿಲ್ಲುತ್ತೇನೆ, ಲಾಭಕ್ಕಲ್ಲ. 2025ರ ಸೆಪ್ಟೆಂಬರ್ 22ರಿಂದ 100ರ ಒಳಗಿನ ಟಿಕೆಟ್‌ಗೆ ಜಿಎಸ್‌ಟಿ ಶೇಕಡಾ 5 ಆಗಿದೆ. ಈಗ 80ರಲ್ಲಿ ನನ್ನ ಪಾಲು 38. ಎರಡು ರೂಪಾಯಿ ಅಂತ ನಗಬೇಡಿ, ದಿನಕ್ಕೆ 250 ಟಿಕೆಟ್ ಹರಿಯುವಾಗ ಕರೆಂಟ್ ಬಿಲ್ಲಿನ ಕಾಲು ಭಾಗ ಅದರಲ್ಲೇ ಬರುತ್ತೆ.

ಮೊದಲ ಸಲ ಇಳಿಸಿದ್ದು ದೊಡ್ಡ ಸ್ಟಾರ್ ಸಿನಿಮಾಕ್ಕೆ, ಶುಕ್ರವಾರವೇ. ಹೌಸ್‌ಫುಲ್ ಆಯಿತು. ಆದರೆ ಅದು 150 ಇಟ್ಟಿದ್ದರೂ ಆಗುತ್ತಿತ್ತು. ಕಟೌಟ್‌ಗೆ ಹಾಲು ಹುಯ್ಯೋ ಹುಡುಗ ರೇಟು ನೋಡಿ ಬರಲ್ಲ. ಸೋಮವಾರದ ಹೊತ್ತಿಗೆ ನೋಡುವವರೆಲ್ಲ ನೋಡಿಯಾಗಿತ್ತು. ಆಮೇಲೆ ಓಡದ ಸಿನಿಮಾಗೆ 50 ಇಟ್ಟೆ. ಯಾರೂ ಬರಲಿಲ್ಲ. ಕೆಟ್ಟ ಸಿನಿಮಾ ಬಿಟ್ಟಿ ತೋರಿಸಿದರೂ ಜನ ಬರಲ್ಲ, ಇದು ಚೆನ್ನಾಗಿ ಗೊತ್ತಾಯಿತು. ಬುಧವಾರ ಹೆಂಗಸರಿಗೆ ಅರ್ಧ ರೇಟು ಅಂತ ಆಟೋದಲ್ಲಿ ಮೈಕ್ ಕಟ್ಟಿಸಿ ಊರೆಲ್ಲ ಕೂಗಿಸಿದೆ. ಬಂದವರು ಏಳೆಂಟು ಜನ.

ಹೆಂಗಸರು ಯಾಕೆ ಬರಲ್ಲ ಅಂತ ನಮ್ಮ ಮನೆಯವರನ್ನು ಕೇಳಿದೆ. ಅವರು ನನ್ನ ಮುಖ ನೋಡಿ, "ನಿಮ್ಮ ಟಾಕೀಸಿನ ಲೇಡೀಸ್ ಟಾಯ್ಲೆಟ್ ಒಳಗೆ ನೀವು ಒಂದು ಸಲ ಹೋಗಿ ಬನ್ನಿ, ಆಮೇಲೆ ಮಾತಾಡೋಣ" ಅಂದರು. ಸೆಕೆಂಡ್ ಶೋ ಬಿಟ್ಟ ಮೇಲೆ ಟಾರ್ಚ್ ಹಿಡಿದು ಹೋದೆ. ನಾಲ್ಕು ಬಾಗಿಲು, ಎರಡಕ್ಕೆ ಚಿಲಕ ಇಲ್ಲ. ಒಂದಕ್ಕೆ ಸೆಣಬಿನ ದಾರ ಕಟ್ಟಿದೆ. ಬಲ್ಬ್ ಹೊರಗಡೆ ಒಂದೇ. ನಲ್ಲಿ ತಿರುಗಿಸಿದರೆ ಗಾಳಿ ಬರುತ್ತೆ. ಚೀಲ ಇಡೋಕೆ ಜಾಗ ಇಲ್ಲ, ಮಗು ಎತ್ತಿಕೊಂಡು ಬಂದವಳು ಚೀಲವನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕು. ಮೂರು ಗಂಟೆ ಸಿನಿಮಾಗೆ ಇಂಥ ಕಡೆ ಯಾರು ಬರುತ್ತಾರೆ?

ಸೊಸೈಟಿಯಲ್ಲಿ ಸಾಲ ತೆಗೆದು ಎರಡೂವರೆ ಲಕ್ಷದಷ್ಟು ಅಲ್ಲಿಗೇ ಸುರಿದೆ. ಮೇಲೆ ಹೊಸ ಟ್ಯಾಂಕು, ಟೈಲ್ಸು, ಒಳಗೊಂದೊಂದು ಲೈಟು, ಗಟ್ಟಿ ಚಿಲಕ, ಬಾಗಿಲ ಹಿಂದೆ ಚೀಲ ನೇತುಹಾಕೋಕೆ ಕೊಕ್ಕೆ. ಮ್ಯಾಟ್ನಿಯಿಂದ ಫಸ್ಟ್ ಶೋ ಬಿಡುವವರೆಗೆ ಅಲ್ಲೇ ಇರೋಕೆ ಒಬ್ಬರು ಅಮ್ಮನನ್ನು ಸಂಬಳಕ್ಕೆ ಇಟ್ಟೆ. ನಮ್ಮ ಟಾಕೀಸು ಲೈನಿನವರು "ಸ್ಕ್ರೀನ್ ಬದಲಾಯಿಸೋದು ಬಿಟ್ಟು ಕಕ್ಕಸು ಕಟ್ಟಿಸ್ತಿದ್ದಾನೆ" ಅಂತ ಆಡಿಕೊಂಡರು. ಈಗ ಶನಿವಾರ ಫಸ್ಟ್ ಶೋನಲ್ಲಿ ಅರ್ಧಕ್ಕರ್ಧ ಹೆಂಗಸರು. ಮನೆಯ ಹೆಂಗಸು ಹೊರಟಳು ಅಂದರೆ ಒಂದು ಟಿಕೆಟ್ ಅಲ್ಲ, ನಾಲ್ಕೈದು ಟಿಕೆಟ್.

ಆಮೇಲೆ ಬೆಂಗಳೂರಿನ ಗಾಂಧಿನಗರ, ಹಂಚಿಕೆದಾರರ ಆಫೀಸುಗಳಿರೋ ಕಡೆ. 80 ರೂಪಾಯಿ ಅಂದ ಕೂಡಲೇ ಹಂಚಿಕೆದಾರರ ಮುಖ ಗಂಟಾಯಿತು. ಅವರ ಚಿಂತೆ ನನ್ನ ಕಲೆಕ್ಷನ್ ಅಲ್ಲ. ನಾಳೆ ಪಕ್ಕದ ಊರಿನವನೂ ಇದನ್ನೇ ಕೇಳುತ್ತಾನೆ ಅನ್ನೋದು. ಟಾಕೀಸಿಗೆ ವಾರದ ಬಾಡಿಗೆ ಕಟ್ಟಿ ಸಿನಿಮಾ ಹಾಕುವ ಹಂಚಿಕೆದಾರರಿಗೆ ಟಿಕೆಟ್ ರೇಟು ಜಾಸ್ತಿ ಇದ್ದಷ್ಟೂ ಒಳ್ಳೇದು. ಅದಕ್ಕೇ ನಾನು ಬಾಡಿಗೆ ಬಿಟ್ಟು ಕಲೆಕ್ಷನ್‌ನಲ್ಲಿ ಪರ್ಸೆಂಟೇಜ್‌ಗೆ ಬಂದೆ. ಸಿನಿಮಾ ಬಿದ್ದರೆ ನನಗೂ ಏಟು, ಎದ್ದರೆ ಇಬ್ಬರಿಗೂ. ದೊಡ್ಡ ಸಿನಿಮಾಕ್ಕೆ ಮೊದಲ ಶುಕ್ರ, ಶನಿ, ಭಾನು ಅವರು ಹೇಳಿದ ರೇಟು, ಸೋಮವಾರದಿಂದ ನನ್ನ ರೇಟು. ಉಳಿದ ಸಿನಿಮಾಗಳಿಗೆ ಮೊದಲ ದಿನದಿಂದಲೇ ಕೆಳಗೆ 80, ಬಾಲ್ಕನಿ 100. ಎರಡನೇ ವಾರ ಪರ್ಸೆಂಟೇಜ್ ಹೇಗೆ ಬದಲಾಗುತ್ತೆ, ಯಾವ ಮಾತಿಗೆ ಅವರು ಒಪ್ಪಿದರು ಅನ್ನೋದನ್ನು ಇಲ್ಲಿ ಬರೆಯಲ್ಲ. ನಾಳೆ ನಾನೂ ಅದೇ ಆಫೀಸಿನ ಮೆಟ್ಟಿಲು ಹತ್ತಬೇಕು.

ಇಷ್ಟಾದರೂ ಬರೀ ಟಿಕೆಟ್‌ನಿಂದ ಹೊಟ್ಟೆ ತುಂಬುತ್ತಿರಲಿಲ್ಲ. ದುಡ್ಡು ಸಿಕ್ಕಿದ್ದು ಕ್ಯಾಂಟೀನ್‌ನಲ್ಲಿ.

ಟಿಕೆಟ್ ದುಡ್ಡಿನಲ್ಲಿ ಸರ್ಕಾರಕ್ಕೂ ಹಂಚಿಕೆದಾರರಿಗೂ ಪಾಲಿದೆ. ಕ್ಯಾಂಟೀನ್ ಗಲ್ಲಾದಲ್ಲಿ ಹಂಚಿಕೆದಾರರು ಕೈ ಹಾಕುವ ಹಾಗಿಲ್ಲ. ಮಾಲ್‌ಗಳಲ್ಲಿ ಪಾಪ್‌ಕಾರ್ನ್ 400 ಆಗೋದು ಇದಕ್ಕೇ. ನಮ್ಮಲ್ಲಿ ಆ ಗಲ್ಲಾವನ್ನು ತಿಂಗಳಿಗೆ 12 ಸಾವಿರಕ್ಕೆ ಗುತ್ತಿಗೆ ಕೊಟ್ಟಿದ್ದೆ. ಗುತ್ತಿಗೆದಾರ 60 ರೂಪಾಯಿಗೆ ಮೆತ್ತಗಾದ ಪಾಪ್‌ಕಾರ್ನ್ ಮಾರುತ್ತಿದ್ದ. ಜನ ಇಂಟರ್‌ವಲ್‌ನಲ್ಲಿ ಗೇಟು ದಾಟಿ ತಳ್ಳುಗಾಡಿಗೆ ಹೋಗುತ್ತಿದ್ದರು. ಗುತ್ತಿಗೆ ಮುಗಿದ ಮೇಲೆ ನಮ್ಮ ಮನೆಯವರೇ ಕ್ಯಾಂಟೀನ್ ಹಿಡಿದರು. ಪಾಪ್‌ಕಾರ್ನ್ 20, ಟೀ 10, ಖಾರ ಮಂಡಕ್ಕಿ 25, ಮೆಣಸಿನಕಾಯಿ ಬಜ್ಜಿ ಪ್ಲೇಟಿಗೆ 30. ನೀರಿನ ಬಾಟಲಿ ಎಂಆರ್‌ಪಿಗೆ. ಪಕ್ಕದಲ್ಲೇ ಫಿಲ್ಟರ್ ನೀರು ಪುಕ್ಕಟೆ.

ಒಂದು ಕೆಜಿ ಪಾಪ್‌ಕಾರ್ನ್ ಜೋಳ 110-120 ಬೀಳುತ್ತೆ, ನಮ್ಮ ಕೋನ್ ಅಳತೆಗೆ 35 ಆಗುತ್ತೆ. ಎಣ್ಣೆ, ಗ್ಯಾಸು, ಕಾಗದ ಎಲ್ಲ ಸೇರಿ ಒಂದಕ್ಕೆ 6 ರೂಪಾಯಿ ದಾಟಲ್ಲ. 60ಕ್ಕೆ ಹತ್ತು ಮಾರೋದಕ್ಕಿಂತ 20ಕ್ಕೆ ಎಂಬತ್ತು ಮಾರೋದು ವಾಸಿ. ಇಂಟರ್‌ವಲ್ 10 ನಿಮಿಷದಿಂದ 15ಕ್ಕೆ ಎಳೆದೆ. ಬೆಲ್ ಹೊಡೆಯೋಕೆ ಮುಂಚೆ ಒಂದು ಕೆಲಸ ಮಾಡುತ್ತೇವೆ, ಅದರಿಂದ ಬಜ್ಜಿ ಎರಡರಷ್ಟು ಹೋಗುತ್ತೆ. ಏನು ಅಂತ ಕೇಳಬೇಡಿ, ನಮ್ಮನೆಯವರ ಅಪ್ಪಣೆ ಇಲ್ಲ. ಈಗ ತಲೆಗೆ 20-22 ರೂಪಾಯಿ ವ್ಯಾಪಾರ, ಅದರಲ್ಲಿ ಅರ್ಧ ಉಳಿಯುತ್ತೆ. ತಿಂಗಳಿಗೆ 80 ಸಾವಿರದ ಹತ್ತಿರ.

ಹೊರಗಿನ ತಿಂಡಿ ತಡೆಯೋ ಹಕ್ಕು ಚಿತ್ರಮಂದಿರಕ್ಕಿದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಹಾಗೇ ಕುಡಿಯೋ ನೀರು ಪುಕ್ಕಟೆ ಕೊಡಬೇಕು ಅಂತಲೂ ಹೇಳಿದೆ. ನಾನು ಚೀಲ ಬಿಚ್ಚಿಸಲ್ಲ. ಅಜ್ಜಿ ಚಕ್ಕುಲಿ ತಂದರೆ ತರಲಿ, ಜೊತೆಗೆ ಬಂದ ಮೊಮ್ಮಗ ಪಾಪ್‌ಕಾರ್ನ್‌ಗೆ ಅತ್ತೇ ಅಳುತ್ತಾನೆ. ತಡೆಯೋದು ಎರಡೇ. ಗುಟ್ಕಾ, ಆಮೇಲೆ ಸಿಪ್ಪೆ ಇರೋ ಕಡಲೆಕಾಯಿ. ಆ ಸಿಪ್ಪೆ ಗುಡಿಸೋಕೆ ಶೋ ಮಧ್ಯೆ ಸಮಯವೇ ಸಾಲಲ್ಲ. ಅದಕ್ಕೆ ಬದಲು ಕಾಂಗ್ರೆಸ್ ಕಡಲೆಕಾಯಿ ಪೊಟ್ಟಣ 10 ರೂಪಾಯಿಗೆ ಇಟ್ಟೆವು. ಚೆನ್ನಾಗಿ ಹೋಗುತ್ತೆ.

ನಡುವೆ ಬೇರೆ ಹುಚ್ಚಾಟಗಳೂ ಆದವು. ಹತ್ತು ಟಿಕೆಟ್ ಕೂಪನ್ ಇರೋ ಪುಸ್ತಕ 700 ರೂಪಾಯಿಗೆ ಅಂತ ಮಾಡಿಸಿದೆ. ಜನ ಖುಷಿಯಿಂದ ಕೊಂಡರು. ಆದರೆ ಕೂಪನ್ ಹರಿದ ದಿನ ಅದು ಯಾವ ಸಿನಿಮಾದ ಕಲೆಕ್ಷನ್, ಎಷ್ಟು ಅಂತ ತೋರಿಸಬೇಕು ಅನ್ನೋ ತಕರಾರು ಶುರುವಾಯಿತು. ಲೆಕ್ಕ ಬರೆಯೋ ಹುಡುಗ ಅಳೋದೊಂದು ಬಾಕಿ, ನಿಲ್ಲಿಸಿದೆ. ಬಾಲ್ಕನಿಯ ಹಿಂದಿನ ಸಾಲಿಗೆ ಜೋಡಿ ಸೋಫಾ ಹಾಕಿ 150 ಮಾಡಿದೆ. ಅಲ್ಲಿ ಯಾರು ಬಂದು ಕೂತರು ಅಂತ ಹೇಳಬೇಕಿಲ್ಲ. ಅದರ ಮುಂದಿನ ಎರಡು ಸಾಲಿಗೆ ಫ್ಯಾಮಿಲಿ ಬರೋದು ನಿಂತಿತು. ಸೋಫಾ ಈಗ ನಮ್ಮ ಮನೆ ಜಗಲಿಯಲ್ಲಿದೆ, ಭಾವ ಬಂದರೆ ಅದರ ಮೇಲೇ ಕೂರುತ್ತಾರೆ. ಸೋಮವಾರದಿಂದ ಗುರುವಾರ ಸೆಕೆಂಡ್ ಶೋ ತೆಗೆದೆ, ಕರೆಂಟು, ಪ್ರೊಜೆಕ್ಟರ್ ಲ್ಯಾಂಪ್ ಎರಡೂ ಉಳಿಯಿತು. ಕೊಬ್ಬರಿ ಹರಾಜಿನ ದಿನ ಮ್ಯಾಟ್ನಿಗೆ ಒಳ್ಳೇ ಜನ. 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿದಾಗ ಬಾಲ್ಕನಿ ಮೊದಲು ತುಂಬುತ್ತಿತ್ತು. ಅದನ್ನು ನನ್ನ ಜಾಣತನ ಅಂತ ಹೇಳಿಕೊಳ್ಳಲ್ಲ. ಮಾರ್ಚ್ 17ಕ್ಕೆ ಅಪ್ಪು ಹುಟ್ಟುಹಬ್ಬ, ಏಪ್ರಿಲ್ 24ಕ್ಕೆ ಅಣ್ಣಾವ್ರದ್ದು. ಆ ದಿನಗಳಲ್ಲಿ ಹಳೇ ಸಿನಿಮಾ 50 ರೂಪಾಯಿಗೆ. ತುಂಬುತ್ತೆ. ಹಳೇ ಸಿನಿಮಾಗೆ ಇವೆರಡೇ ಅಲ್ಲ, ಇನ್ನೊಂದು ದಿನವೂ ಇದೆ. ಅದನ್ನು ನೀವೇ ಹುಡುಕಿಕೊಳ್ಳಿ.

ಟಿಕೆಟ್ ರೇಟಿಗೆ 200ರ ಮಿತಿ ಬಗ್ಗೆಯೂ ಕೇಳುತ್ತಾರೆ. ನಮ್ಮ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ಮೀರಬಾರದು ಅಂತ ನಿಯಮ ತಂದಿತು. ಮಲ್ಟಿಪ್ಲೆಕ್ಸ್‌ನವರು ಹೈಕೋರ್ಟಿಗೆ ಹೋದರು, ಅದೇ ತಿಂಗಳು ತಡೆ ಬಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ನೀರಿಗೆ 100, ಕಾಫಿಗೆ 700 ತಗೋತೀರಾ ಅಂತ ನ್ಯಾಯಮೂರ್ತಿಗಳೇ ಕೇಳಿದ್ದು ಪೇಪರಲ್ಲಿ ಬಂತು. ತಾಲ್ಲೂಕಿನ ಟಾಕೀಸಿಗೆ ಇದರಿಂದ ಆಗೋದು ಹೋಗೋದು ಏನಿಲ್ಲ, 200 ಕೇಳೋ ಧೈರ್ಯ ಇಲ್ಲಿ ಯಾರಿಗಿದೆ? ಆದರೆ ಸುದ್ದಿ ಟಿವಿಯಲ್ಲಿ ಬಂದ ವಾರ ಕೌಂಟರ್‌ನಲ್ಲಿ ಒಬ್ಬರು ಗೌಡರು ಜಗಳಕ್ಕೇ ನಿಂತರು, "ಸರ್ಕಾರ 200 ಮಾಡಿದೆಯಂತೆ, ನೀವೂ ಏರಿಸ್ತೀರಾ?" ಅಂತ. ಮಾರನೇ ದಿನವೇ ಗೇಟಿಗೆ 80 ಅಂತ ಎರಡಡಿ ಎತ್ತರಕ್ಕೆ ಬರೆಸಿದೆ. ಪೇಂಟರ್‌ಗೆ 600 ಕೊಟ್ಟೆ. ನಾನು ಮಾಡಿಸಿದ ಪ್ರಚಾರದಲ್ಲಿ ಇದರಷ್ಟು ಕೆಲಸ ಮಾಡಿದ್ದು ಬೇರೆ ಇಲ್ಲ.

ಈಗ ಸರಾಸರಿ ದಿನಕ್ಕೆ 250 ಜನ. ಶುಕ್ರವಾರದಿಂದ ಭಾನುವಾರ 400 ದಾಟುತ್ತೆ, ಮಧ್ಯದ ದಿನ 120-150. ಬಾಡಿಗೆ, ಏಳೆಂಟು ಜನರ ಸಂಬಳ, ಕರೆಂಟು, ಸಾಲದ ಕಂತು, ರಿಪೇರಿ ಎಲ್ಲ ಸೇರಿ ಖರ್ಚು 3 ಲಕ್ಷದ ಹತ್ತಿರ. ಅದು ಕಳೆದು 70-80 ಸಾವಿರ ಕೈಗೆ ಬರುತ್ತೆ. ಒಳ್ಳೇ ಸಿನಿಮಾ ಇಲ್ಲದ ತಿಂಗಳು ಇಪ್ಪತ್ತೂ ಬಂದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಈ ಲೆಕ್ಕ ಕೂಡೋದಿಲ್ಲ. ಅಲ್ಲಿ ಜಾಗದ ಬೆಲೆಯೇ ಟಾಕೀಸನ್ನು ತಿಂದುಹಾಕುತ್ತೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಮುಚ್ಚಿತಲ್ಲ, ಅಂಥ ಜಾಗದಲ್ಲಿ 80 ರೂಪಾಯಿ ಟಿಕೆಟ್ ಯಾವ ಮೂಲೆಗೆ?

ನನಗೆ ಈಗ ತಲೆಬಿಸಿ ಇರೋದು ಲ್ಯಾಂಪ್‌ನದು. ಜೆನಾನ್ ಲ್ಯಾಂಪ್ ಸಾವಿರ ಚಿಲ್ಲರೆ ಗಂಟೆಗೆ ಬದಲಾಯಿಸಬೇಕು, ಕೊನೆಕೊನೆಗೆ ಚಿತ್ರ ಮಂಕಾಗಿ ಜನ ಬೈಯುತ್ತಾರೆ. ಲೇಸರ್ ಹಾಕಿದರೆ 20 ಸಾವಿರ ಗಂಟೆ ಯೋಚನೆ ಇಲ್ಲ ಅಂತಾರೆ, ಆದರೆ ಆ ದುಡ್ಡು ಹಾಕಿದರೆ ಟಿಕೆಟ್ 90 ಮಾಡಬೇಕಾಗುತ್ತೆ. ಆಗ ಗೇಟಿನ ಬೋರ್ಡನ್ನೂ ಅಳಿಸಿ ಬರೆಸಬೇಕು. ಹಳೇ ಪ್ರೊಜೆಕ್ಟರ್‌ಗೇ ಲೇಸರ್ ಕೂರಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ ಎಷ್ಟು ಬಿತ್ತು, ಕರೆಂಟು ನಿಜವಾಗಲೂ ಎಷ್ಟು ಇಳಿಯಿತು ಅಂತ ಹೇಳಿ. ಬದಲಿಗೆ ಬಜ್ಜಿ ಗುಟ್ಟು ಬಿಟ್ಟುಕೊಡೋಕೆ ನಮ್ಮ ಮನೆಯವರನ್ನು ಕೇಳಿ ನೋಡುತ್ತೇನೆ.