ಬಸುರಿಯಿರುವಾಗ ಕೆಲಸ ಹೋದರೆ ಸಾಲ ನಿಭಾಯಿಸುವ ಬಗೆ

ಕಂತಿನ ಲೆಕ್ಕಕ್ಕೆ ಕೂರುವ ಮೊದಲು, ಕೆಲಸ ಕೊಟ್ಟಿದ್ದವರಿಂದ ಬರಬೇಕಾದ್ದರ ಲೆಕ್ಕ ಹಾಕಿ. ಹಾಸನದ ಗಾರ್ಮೆಂಟ್ಸ್ ಇರಲಿ, ಚಿಕ್ಕಮಗಳೂರಿನ ಕಾಫಿ ತೋಟವಿರಲಿ, ಅಂಗಡಿ ಅಥವಾ ಖಾಸಗಿ ಶಾಲೆಯಿರಲಿ, ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಕಡೆ ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುತ್ತದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಮೊದಲ ಎರಡು ಹೆರಿಗೆಗೆ 26 ವಾರದ ಸಂಬಳ ಸಿಗಬೇಕು. ಬಸುರಿಯಾಗಿದ್ದಾಗ ಕೆಲಸದಿಂದ ತೆಗೆದರೂ ಈ ಹಕ್ಕು ಉಳಿಯುತ್ತದೆ. ಮೂರನೇ ತಿಂಗಳಲ್ಲೇ ಕೆಲಸ ಹೋದವರಿಗೂ ಅದಕ್ಕೆ ಹಿಂದಿನ ಐದಾರು ತಿಂಗಳ ದುಡಿಮೆ ಈ 12 ತಿಂಗಳ ಲೆಕ್ಕದೊಳಗೇ ಬರುತ್ತದೆ. ತಿಂಗಳಿಗೆ ₹14,000 ಸಂಬಳವಿದ್ದರೆ ಒಟ್ಟು ಸುಮಾರು ₹84,000. ಎಷ್ಟೋ ಮನೆಗಳಲ್ಲಿ ಸಂಘದ ಸಾಲ ಇದಕ್ಕಿಂತ ಕಡಿಮೆ ಇರಬಹುದು.

ಈ ಹಣ ಕೈತಪ್ಪುವುದು ಒಂದೇ ಒಂದು ಸಹಿಯಿಂದ. ‘ನೀವೇ ರಾಜೀನಾಮೆ ಬರೆದುಕೊಡಿ, ಸೆಟಲ್‌ಮೆಂಟ್ ಬೇಗ ಆಗುತ್ತೆ’ ಎಂದರೆ ಬರೆಯಬೇಡಿ. ರಾಜೀನಾಮೆ ಕೊಟ್ಟ ಮೇಲೆ ‘ತೆಗೆದರು’ ಎಂದು ಸಾಧಿಸುವುದು ಬಲು ಕಷ್ಟ. ಬಾಯಲ್ಲಿ ಹೇಳಿ ಕಳಿಸಿದ್ದರೆ ಅಂದೇ ಮಾಲೀಕರಿಗೆ ಒಂದು ಕಾಗದ ಬರೆಯಿರಿ: ಯಾವ ದಿನ, ಯಾರು, ಏನು ಹೇಳಿದರು, ನೀವು ಎಷ್ಟು ತಿಂಗಳ ಬಸುರಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಹಾಜರಾತಿ ಕಾರ್ಡು, ಸಂಬಳದ ಚೀಟಿ, ವಾಟ್ಸಾಪ್ ಸಂದೇಶಗಳ ಸ್ಕ್ರೀನ್‌ಶಾಟು ಒಂದು ಕಡೆ ಸೇರಿಸಿ. ತೆಗೆದ ಆದೇಶ ಕೈಸೇರಿದ 60 ದಿನದೊಳಗೆ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಹೋಗಬೇಕು, ಇದನ್ನು ಮುಂದೂಡಬೇಡಿ. ವಕೀಲರಿಗೆ ದುಡ್ಡಿಲ್ಲ ಎನ್ನುವ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100.

ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಡಿತವಾಗುತ್ತಿದ್ದರೆ ದಾರಿ ಬೇರೆ. ಆಗ ಹೆರಿಗೆ ಭತ್ಯೆ ಕೊಡುವುದು ಮಾಲೀಕರಲ್ಲ, ಇಎಸ್‌ಐ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಪಿಎಫ್‌ನಲ್ಲಿ ಮುಕ್ಕಾಲು ಭಾಗದವರೆಗೆ ತೆಗೆಯಬಹುದು. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ನೀವೇ ಆನ್‌ಲೈನಿನಲ್ಲಿ ನಮೂದಿಸಬಹುದು.

ಈಗ ಬ್ಯಾಂಕ್ ಖಾತೆಯ ವಿಷಯ. ಬಹಳ ಜನ ಎಡವುವುದು ಇಲ್ಲೇ. ಸಂಬಳ ಬರುತ್ತಿದ್ದ ಖಾತೆಯಿಂದಲೇ ಕಂತು ತಾನಾಗಿ ಕಡಿತವಾಗುತ್ತಿರುತ್ತದೆ. ಪಿಎಫ್ ದುಡ್ಡು ಆ ಖಾತೆಗೆ ಬಿದ್ದರೆ, ಹೆರಿಗೆಗೆಂದು ಇಟ್ಟದ್ದು ಬಾಕಿ ಕಂತಿಗೂ ಬೌನ್ಸ್ ದಂಡಕ್ಕೂ ಹೋಗಿಬಿಡುತ್ತದೆ. ಸಾಲವಿಲ್ಲದ ಇನ್ನೊಂದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ನಿಮ್ಮ ಹೆಸರಿನಲ್ಲೇ ಖಾತೆ ತೆರೆಯಿರಿ. ಅಷ್ಟಕ್ಕೇ ಮುಗಿಯುವುದಿಲ್ಲ: ಸರ್ಕಾರಿ ನೆರವು ಆಧಾರ್ ಜೋಡಣೆಯಾದ ಖಾತೆಗೇ ಬರುವುದರಿಂದ ಆ ಜೋಡಣೆಯನ್ನೂ ಹೊಸ ಖಾತೆಗೆ ಬದಲಿಸಲು ಅಲ್ಲೇ ಅರ್ಜಿ ಕೊಡಿ. ಪಿಎಫ್ ಪೋರ್ಟಲ್‌ನಲ್ಲಿ ಖಾತೆ ಸಂಖ್ಯೆ ಬದಲಿಸಿದ ಮೇಲಷ್ಟೇ ಹಣಕ್ಕೆ ಅರ್ಜಿ ಹಾಕಿ.

ಹಳೇ ಖಾತೆಯನ್ನು ಬರಿದು ಮಾಡಿ ಸುಮ್ಮನಿರುವುದೂ ತಪ್ಪು. ತಾನಾಗಿ ಕಡಿತವಾಗುವ ಕಂತು ಬೌನ್ಸ್ ಆದರೆ ಚೆಕ್ ಬೌನ್ಸ್‌ನಂತೆಯೇ ಕೇಸು ಹಾಕಲು ಅವಕಾಶವಿದೆ. ಆದ್ದರಿಂದ ಮುಂದಿನ ಕಂತಿನ ತಾರೀಖಿಗೆ ಮುಂಚೆಯೇ ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೇಳಿ: ಕೆಲಸ ಹೋಗಿದೆ, ಹೆರಿಗೆ ಇಂಥ ತಿಂಗಳು, ಆರು ತಿಂಗಳು ಬಡ್ಡಿ ಮಾತ್ರ ಕಟ್ಟುತ್ತೇನೆ ಅಥವಾ ಅವಧಿ ಹೆಚ್ಚಿಸಿ ಕಂತು ಇಳಿಸಿ. ತಾಯಿ ಕಾರ್ಡಿನ ಪ್ರತಿ ಜೊತೆಗಿರಲಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬ್ಯಾಂಕ್ ಒಪ್ಪಲೇಬೇಕೆಂದಿಲ್ಲ. ಆದರೆ 90 ದಿನ ಕಟ್ಟದೆ ಸಾಲ ಕೆಟ್ಟ ಸಾಲವಾದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಮಾಹಿತಿಗೆ 14448.

ಯಾವುದನ್ನು ಮೊದಲು ಕಟ್ಟುವುದು? ಊಟ, ಬಾಡಿಗೆ, ಔಷಧಿ ಕಳೆದು ಉಳಿದದ್ದರಲ್ಲಿ ಮೊದಲು ಒಡವೆ ಸಾಲದ ಬಡ್ಡಿ, ಯಾಕೆಂದರೆ ಕಟ್ಟದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ. ಬಡ್ಡಿಯೂ ಆಗದಿದ್ದರೆ ಒಂದು ಒಡವೆಯನ್ನು ನೀವೇ ಮಾರಿ ಉಳಿದದ್ದನ್ನು ಬಿಡಿಸಿಕೊಳ್ಳಿ. ಹರಾಜಿಗೆ ಬಿಡುವುದಕ್ಕಿಂತ ಮೇಲು. ಆಮೇಲೆ ಸಂಘದ ಸಾಲ. ನೀವು ಕಟ್ಟದ ವಾರ ಅದರ ಹೊರೆ ಬೀಳುವುದು ಪಕ್ಕದ ಮನೆಯ ಅಕ್ಕನ ತಲೆಯ ಮೇಲೆ. ತವರಿಗೆ ಹೊರಡುವ ಮೊದಲೇ ಸಭೆಯಲ್ಲಿ ಹೇಳಿ, ಕಡಿಮೆ ಕಂತಿಗೆ ಒಪ್ಪಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಚೀಟಿ ಇನ್ನೂ ಎತ್ತಿಲ್ಲದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ಸೇರಿಸಲು ಕೇಳಿ. ಕ್ರೆಡಿಟ್ ಕಾರ್ಡಿಗೆ ತಿಂಗಳಿಗೆ ಶೇ. 3ರಿಂದ 4ರಷ್ಟು ಬಡ್ಡಿ ಬೀಳುತ್ತದೆ, ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಅಸಲು ಹೆಚ್ಚೇನೂ ಇಳಿಯುವುದಿಲ್ಲ. ಬಾಕಿಯನ್ನು ಕಂತಿಗೆ ಬದಲಿಸಿ, ಕಾರ್ಡನ್ನು ಪೆಟ್ಟಿಗೆಯಲ್ಲಿಡಿ. ಒಂದು ಕಂತು ತೀರಿಸಲು ಮೊಬೈಲ್ ಆ್ಯಪ್‌ನಲ್ಲಿ ಇನ್ನೊಂದು ಸಾಲ ಮಾತ್ರ ಬೇಡವೇ ಬೇಡ.

ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಗೊತ್ತುಪಡಿಸಿದ ಜಾಗಕ್ಕೆ ನೀವು ಸತತ ಎರಡು ಸಲ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು, ಬೈಯುವಂತಿಲ್ಲ, ಬೆದರಿಸುವಂತಿಲ್ಲ. ನೋಂದಣಿಯಿಲ್ಲದೆ ಸಾಲ ಕೊಟ್ಟು ಪೀಡಿಸುವವರಿಗೆಂದೇ 2025ರಲ್ಲಿ ಕರ್ನಾಟಕ ಕಾನೂನು ತಂದಿದೆ. ಶಿಕ್ಷೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ. ಖಾಲಿ ಚೆಕ್ಕು, ಪಡಿತರ ಚೀಟಿ ಯಾರ ಕೈಗೂ ಒತ್ತೆಯಾಗಿ ಕೊಡಬೇಡಿ.

ಹೊಸ ಸಾಲಕ್ಕೆ ದೊಡ್ಡ ಕಾರಣ ಖಾಸಗಿ ಆಸ್ಪತ್ರೆಯ ಬಿಲ್ಲು. ಹಾಸನದ ಹಿಮ್ಸ್‌ನಲ್ಲಿ, ಚಿಕ್ಕಮಗಳೂರಿನ ಅರಳಗುಪ್ಪೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿ ಹೆರಿಗೆ, ಔಷಧಿ, ರಕ್ತ, ಊಟ ಎಲ್ಲ ಉಚಿತ. ಕರೆದೊಯ್ಯಲು 108, ಬಾಣಂತಿಯನ್ನು ಮನೆಗೆ ಬಿಡಲು ನಗು-ಮಗು ವಾಹನ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ವೈದ್ಯರ ತಪಾಸಣೆ ಇರುತ್ತದೆ. ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಮಾತೃಪೂರ್ಣ ಯೋಜನೆಯ ಬಿಸಿಯೂಟ. ಸಂಕೋಚ ಬೇಡ, ಅದು ನಿಮಗೆಂದೇ ಇರುವುದು.

ಮಾಲೀಕರಿಂದಲೋ ಇಎಸ್‌ಐನಿಂದಲೋ ಹೆರಿಗೆ ಹಣ ಸಿಗದವರು ಅಂಗನವಾಡಿಯಲ್ಲೇ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಗೆ ಅರ್ಜಿ ಹಾಕಬಹುದು: ಮೊದಲ ಮಗುವಿಗೆ ₹3,000 ಮತ್ತು ₹2,000 ಎರಡು ಕಂತು, ಎರಡನೆಯದು ಹೆಣ್ಣಾದರೆ ₹6,000. ಮೊದಲ ಕಂತಿಗೆ ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಒಂದಾದರೂ ತಪಾಸಣೆ ತಾಯಿ ಕಾರ್ಡಿನಲ್ಲಿ ದಾಖಲಾಗಿರಬೇಕು. ಎರಡನೆಯದಕ್ಕೆ ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಗಳು ಬೇಕು. ಬಾಣಂತನ ತವರಲ್ಲಾದರೆ ಅಲ್ಲಿ ಹಾಕಿಸಿದ ಲಸಿಕೆಯನ್ನೂ ಅದೇ ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ.