ಹಸಿರು ಗೆರೆ, ಜಾಬ್ ಶೀಟ್ ಮತ್ತು ನಾನು

ರಾತ್ರಿ ಫೋನ್ ಚಾರ್ಜಿಗೆ ಹಾಕಿ, ಅಪ್‌ಡೇಟ್ ಒತ್ತಿ ಮಲಗಿದ್ದೆ. ಬೆಳಿಗ್ಗೆ ಅಲಾರಂ ನಿಲ್ಲಿಸೋಣ ಅಂತ ಎತ್ತಿಕೊಂಡರೆ ಸ್ಕ್ರೀನಿನ ಬಲಗಡೆ ಮೇಲಿಂದ ಕೆಳಗಿನವರೆಗೆ ದಾರ ಎಳೆದ ಹಾಗೆ ಒಂದು ಹಸಿರು ಗೆರೆ. ಫೋನ್ ಬಿದ್ದಿಲ್ಲ, ನೀರು ತಾಗಿಲ್ಲ. ವಾರಂಟಿ ಮಾತ್ರ ಮುಗಿದು ಎರಡು ತಿಂಗಳಾಗಿತ್ತು.

ಅಮೋಲೆಡ್ (ಪ್ರತಿ ಚುಕ್ಕೆಯೂ ತಾನೇ ಬೆಳಗುವ) ಸ್ಕ್ರೀನಿನಲ್ಲಿ ಒಂದು ಸಾಲಿನ ಚುಕ್ಕೆಗಳಿಗೆ ಹೋಗುವ ಸಂಪರ್ಕ ಕೆಟ್ಟರೆ ಹೀಗಾಗುತ್ತದೆ. ರೀಸೆಟ್ ಮಾಡಿದರೆ ಹೋಗಲ್ಲ. ನಾನು ಮಾಡಿ, ವಾಟ್ಸಾಪ್‌ನ ಹಳೇ ಫೋಟೋಗಳನ್ನೂ ಕಳೆದುಕೊಂಡೆ.

ಸರ್ವಿಸ್ ಸೆಂಟರ್‌ನಲ್ಲಿ ಟೋಕನ್ ಹಿಡಿದು ಒಂದೂವರೆ ಗಂಟೆ ಕೂತೆ. ಪಕ್ಕದಲ್ಲಿದ್ದ ಹೆಂಗಸಿನ ಕೈಲೂ ಅದೇ ಮಾಡೆಲ್, ಅವರದರಲ್ಲಿ ಎರಡು ಗೆರೆ, ಒಂದು ಹಸಿರು, ಒಂದು ಗುಲಾಬಿ. ಕೌಂಟರ್ ಹುಡುಗ ಫೋನ್ ತಿರುಗಿಸಿಯೂ ನೋಡಲಿಲ್ಲ. "ಡಿಸ್‌ಪ್ಲೇ ಹೋಗಿದೆ ಸರ್, 11,400 ಆಗುತ್ತೆ." ಅಪ್‌ಡೇಟ್ ಆದಮೇಲೆ ಬಂದಿದ್ದಪ್ಪಾ ಅಂದೆ. "ಸಾಫ್ಟ್‌ವೇರ್‌ಗೂ ಇದಕ್ಕೂ ಸಂಬಂಧ ಇಲ್ಲ ಸರ್."

ಅವನ ಹತ್ತಿರ ಜಗಳ ಆಡಿ ಏನು ಬರುತ್ತೆ, ಪಾಪ, ಅವನ ಕೈಲಿ ಏನೂ ಇಲ್ಲ. ದುಡ್ಡು ಕಟ್ಟಲ್ಲ, ಬರೀ ಚೆಕ್ ಮಾಡಿ ಜಾಬ್ ಶೀಟ್, ಅಂದರೆ ಫೋನಿಗೆ ಏನಾಗಿದೆ ಅಂತ ಬರೆದ ಚೀಟಿ, ಕೊಡಿ ಎಂದೆ. ಕೊಟ್ಟರು, ಆದರೆ ಅದರಲ್ಲಿ ಬರೆದಿದ್ದು 'ಡಿಸ್‌ಪ್ಲೇ ಡ್ಯಾಮೇಜ್'. ಅದಕ್ಕೆ ಸಹಿ ಹಾಕಿದರೆ ನಾನೇ ಒಡೆದುಕೊಂಡೆ ಅಂತ ಒಪ್ಪಿಕೊಂಡ ಹಾಗೆ, ಅಲ್ವಾ? 'ಅಪ್‌ಡೇಟ್ ನಂತರ ಗೆರೆ ಬಂದಿದೆ, ಒಡೆದ ಗುರುತಿಲ್ಲ, ನೀರಿನ ಗುರುತಿಲ್ಲ' ಅಂತ ತಿದ್ದಿಸುವಷ್ಟರಲ್ಲಿ ಇನ್ನೂ ಇಪ್ಪತ್ತು ನಿಮಿಷ ಹೋಯಿತು. ಮುಂದೆ ಕೆಲಸಕ್ಕೆ ಬಂದಿದ್ದು ಈ ಒಂದು ಸಾಲೇ.

ಕಂಪನಿಗೆ ಮೂರು ಮೇಲ್ ಹಾಕಿದೆ. ಮೂರಕ್ಕೂ ಒಂದೇ ಉತ್ತರ, ಕೆಳಗಿನ ಹೆಸರು ಮಾತ್ರ ಬೇರೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಬಿಲ್, ಜಾಬ್ ಶೀಟ್, ಗೆರೆಯ ಫೋಟೋ ಕಳಿಸಿದೆ. ಒಂಬತ್ತನೇ ದಿನ ಕಂಪನಿಯವರೇ ಫೋನ್ ಮಾಡಿ ಅರ್ಧ ದುಡ್ಡು ಕಟ್ಟಿ ಸಾಕು ಅಂದರು. ನಾನು ಸುಮ್ನೆ ನನಗೆ ಗೊತ್ತಿದ್ದಷ್ಟು ಹೇಳಿದೆ: 2019ರ ಗ್ರಾಹಕ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ವಸ್ತುವಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ಎರಡು ವರ್ಷ ಟೈಮ್ ಇದೆ, ಜಾಬ್ ಶೀಟ್ ನನ್ನ ಹತ್ತಿರ ಇದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಎರಡು ದಿನ ಬಿಟ್ಟು, ಡಿಸ್‌ಪ್ಲೇ ಫ್ರೀ ಎಂದು ಮೆಸೇಜ್ ಬಂತು.

ಹೊಸ ಡಿಸ್‌ಪ್ಲೇ ಚೆನ್ನಾಗಿದೆ. ಬೆರಳಚ್ಚು ಮಾತ್ರ ಮೂರು ಸಲ ಒತ್ತಿದರೆ ಒಂದು ಸಲ ಹಿಡಿಯುತ್ತೆ. ಅದನ್ನು ಸರಿ ಮಾಡೋಕೆ ಅಪ್‌ಡೇಟ್ ಬಂದಿದೆಯಂತೆ, ಇನ್ನೂ ಒತ್ತಿಲ್ಲ.