ಫೋಟೋ ನನ್ನದೇ, ಪರವಾನಗಿ ಅವರದು

ಎಂಟು ವರ್ಷ ಒಂದೇ ಆ್ಯಪ್‌ಗೆ ಹಕ್ಕಿಗಳ ಫೋಟೋ ಹಾಕುತ್ತಾ ಬಂದಿದ್ದೆ. ಒಂದು ದಿನ ಆ ಆ್ಯಪ್‌ನ ಜಾಹೀರಾತಿನಲ್ಲಿ ನಾನು ತೆಗೆದ ಮಿಂಚುಳ್ಳಿ ಕೂತಿತ್ತು. ನನ್ನ ಹೆಸರಿಲ್ಲ, ಒಂದು ಮಾತು ಕೇಳಿಯೂ ಇಲ್ಲ. ಸಿಟ್ಟಿನಲ್ಲಿ ದೂರು ಬರೆದೆ. ಉತ್ತರ ಒಂದೇ ಸಾಲು: ನೀವು ಒಪ್ಪಿರುವ ಷರತ್ತುಗಳನ್ನು ನೋಡಿ.

ನೋಡಿದೆ, ಮೊದಲ ಸಲ. ‘ನಿಮ್ಮ ಫೋಟೋಗಳ ಒಡೆತನ ನಿಮ್ಮದೇ’ ಎಂದು ಶುರುವಾಗುತ್ತದೆ. ಅಷ್ಟು ಓದಿದವರು ನೆಮ್ಮದಿಯಾಗಿ ಮುಚ್ಚಿಬಿಡುತ್ತಾರೆ. ಅದರ ಕೆಳಗೇ ಇದೆ ನೋಡಿ: ಜಗತ್ತಿನ ಎಲ್ಲೇ ಆಗಲಿ, ಹಣ ಕೊಡದೆ, ಬಳಸಲು, ಬದಲಿಸಲು, ಬೇರೆಯವರಿಗೂ ಕೊಡಲು ಕಂಪನಿಗೆ ಪರವಾನಗಿ. ಮನೆ ನಿಮ್ಮದೇ, ಕೀಲಿಕೈಯ ನಕಲು ನಮ್ಮ ಹತ್ತಿರವೂ ಇರಲಿ, ಬೇಕಾದವರಿಗೆ ಕೊಡುತ್ತೇವೆ ಎಂದ ಹಾಗೆ.

ಪರವಾನಗಿ ಕೇಳುವುದೇ ತಪ್ಪು ಎನ್ನಲಾರೆ. ಸರ್ವರ್‌ನಲ್ಲಿ ಪ್ರತಿ ಇಡುವುದು, ಚಿತ್ರವನ್ನು ಚಿಕ್ಕದು ಮಾಡುವುದು, ಇನ್ನೊಬ್ಬರ ಫೋನಿನಲ್ಲಿ ತೋರಿಸುವುದು, ಇದಕ್ಕೆಲ್ಲ ಹಕ್ಕುಸ್ವಾಮ್ಯ ಇರುವವರ ಅನುಮತಿ ಬೇಕು. ನನ್ನ ತಕರಾರು ಅದರ ಅಗಲದ ಬಗ್ಗೆ, ಅದು ಮುಗಿಯುವುದು ಯಾವಾಗ ಎಂಬುದರ ಬಗ್ಗೆ.

ಈ ‘ಯಾವಾಗ’ ಸಣ್ಣ ಮಾತಲ್ಲ. 2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಇದೇ ಜಾಗದಲ್ಲಿ ಎಡವಿತ್ತು. ಬಳಕೆದಾರರು ಅಳಿಸಿದರೆ ಪರವಾನಗಿ ಮುಗಿಯುತ್ತದೆ ಎಂಬ ಸಾಲನ್ನೇ ತೆಗೆದುಹಾಕಿತ್ತು. ಜನ ರೇಗಿದ ಮೇಲೆ ಹಳೆಯ ಷರತ್ತುಗಳಿಗೇ ಮರಳಿತು. 2012ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್ ಕೂಡ ಜಾಹೀರಾತಿನ ಕುರಿತ ಹೊಸ ಮಾತುಗಳನ್ನು ಹೀಗೇ ಹಿಂತೆಗೆದುಕೊಂಡಿತು. ಒಂದೊಂದು ಸಾಲನ್ನೂ ಓದಿದವರು ಯಾರೋ ಇದ್ದರಲ್ಲ, ಅವರ ಪುಣ್ಯ.

ನಾನಂತೂ ಈಗಲೂ ಇಡೀ ಷರತ್ತು ಓದುವುದಿಲ್ಲ. ಪುಟ ತೆರೆದು ಹುಡುಕುವ ಪೆಟ್ಟಿಗೆಯಲ್ಲಿ ‘ಲೈಸೆನ್ಸ್’, ‘ಸಬ್‌ಲೈಸೆನ್ಸ್’ (ಪರವಾನಗಿಯನ್ನು ಬೇರೆಯವರಿಗೂ ಕೊಡುವುದು), ‘ಡಿಲೀಟ್’, ‘ಟರ್ಮಿನೇಟ್’ ಎಂದು ಒಂದೊಂದಾಗಿ ಹಾಕುತ್ತೇನೆ (ಇಂಗ್ಲಿಷ್ ಅಕ್ಷರದಲ್ಲೇ). ಪದ ಸಿಕ್ಕ ಪ್ಯಾರಾವನ್ನು ಮಾತ್ರ ನಿಧಾನವಾಗಿ ಓದುತ್ತೇನೆ. ‘ಸೇವೆ ನಡೆಸಲು ಬೇಕಾದಷ್ಟು’ ಎಂಬ ಮಿತಿ ಕಂಡರೆ ಸ್ವಲ್ಪ ಸಮಾಧಾನ. ‘ಶಾಶ್ವತ’, ‘ಹಿಂಪಡೆಯಲಾಗದ’ ಎಂದಿದ್ದರೆ ಅಲ್ಲಿಗೆ ದೊಡ್ಡ ಫೋಟೋ ಹೋಗುವುದಿಲ್ಲ.

ಆಮೇಲೆ ಎಂಟು ವರ್ಷದ ಸರಕನ್ನು ಡೌನ್‌ಲೋಡ್ ಮಾಡಲು ಕೂತೆ. ಜಿಪ್ ಫೈಲು ಬಂತು, ಒಳಗೆ ನಿರಾಸೆಯೂ ಇತ್ತು. ಚಿತ್ರಗಳೆಲ್ಲ ಕುಗ್ಗಿದ್ದವು, ಕ್ಯಾಮೆರಾ ದಾಖಲಿಸಿದ್ದ ತಾರೀಖು ಅಳಿಸಿಹೋಗಿತ್ತು. ನಾನು ಬರೆದ ವಿವರಣೆಗಳು ಬೇರೆಯೇ ಒಂದು ಜೇಸನ್ (JSON) ಫೈಲಿನಲ್ಲಿದ್ದವು, ಅಂದರೆ ಮಾಹಿತಿಯನ್ನು ಬರೀ ಅಕ್ಷರಗಳಲ್ಲಿ ಜೋಡಿಸಿಟ್ಟ ಕಡತದಲ್ಲಿ. ಯಾವ ಟಿಪ್ಪಣಿ ಯಾವ ಹಕ್ಕಿಯದು ಎಂದು ಹೊಂದಿಸಲು ಎರಡು ಭಾನುವಾರ ಹಿಡಿಯಿತು. ಮೂಲ ಪ್ರತಿ ನನ್ನ ಡಿಸ್ಕಿನಲ್ಲಿ ಉಳಿದಿದ್ದು ಅರ್ಧದಷ್ಟಕ್ಕೆ ಮಾತ್ರ. ಇದಕ್ಕೆ ಷರತ್ತನ್ನು ಬೈದು ಪ್ರಯೋಜನವಿಲ್ಲ, ಆಲಸ್ಯ ನನ್ನದೇ.

ಕೊನೆಗೆ ಮಿಂಚುಳ್ಳಿಯನ್ನು ಅಳಿಸಿದೆ. ಅಳಿಸಿದರೆ ಪರವಾನಗಿ ಮುಗಿಯುತ್ತದೆ, ಆದರೆ ಅದಕ್ಕೆ ಮೊದಲೇ ಬಳಸಿದ್ದಕ್ಕೆ ಅನ್ವಯಿಸದು ಎಂದು ಅದೇ ಪ್ಯಾರಾದಲ್ಲಿತ್ತು. ನನ್ನ ಪುಟದಿಂದ ಹಕ್ಕಿ ಹಾರಿಹೋಯಿತು. ಜಾಹೀರಾತಿನಲ್ಲಿ ಇನ್ನೂ ಕೂತಿದೆ.